ಆಷಾಢ ಕಳೆಯಲಿ ಎಂದಿದ್ದೆ

ಮೊನ್ನೆ ಭಾನುವಾರ ಅನ್ನ ಬಸಿದ ಗಂಜಿಯನ್ನು ಚೆಲ್ಲಲು ಮನಸ್ಸಾಗದೆ, ಬೀರುವಿನ ತಳದಲ್ಲಿ ಬಿದ್ದಿದ್ದ ಹತ್ತಿ ಸೀರೆಯೊಂದನ್ನು ಅದರಲ್ಲಿ ಅದ್ದಿ, ಹಿಂಡಿ, ಹಿತ್ತಿಲ ಕಡೆಯ ಮರದ ಡೆಕ್ ಮೇಲೆ ಹರವಿದೆ. ಎಷ್ಟೋ ವರ್ಷಗಳಿಂದ ಬಿಟ್ಟುಹೋಗಿದ್ದ ಕೆಲಸ. ಈಗ ಯಾರು ಗಂಜಿ ಹಾಕುತ್ತಾರೆ, ಯಾರು ಹತ್ತಿ ಸೀರೆ ಉಡುತ್ತಾರೆ! ಸಂಜೆ ಹೊತ್ತಿಗೆ ಸೀರೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ನೀರು ಚಿಮುಕಿಸಿ, ಸುರುಳಿ ಸುತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟೆ ನೋಡಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮೇಡಂ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು. ಇಸ್ತ್ರಿ ಆರಿಸಿ ಅಲ್ಲೇ ಕುರ್ಚಿ ಎಳೆದು ಕೂತು ಅತ್ತುಬಿಟ್ಟೆ. ಅದರಲ್ಲೇನು ಮುಚ್ಚುಮರೆ.

ನಾವು ಅಮೆರಿಕದ ವರ್ಜೀನಿಯಾದಲ್ಲಿ, ಫೇರ್‌ಫ್ಯಾಕ್ಸ್‌ನ ಈ ಮನೆಗೆ ಬಂದದ್ದು ೨೦೦೪ರ ವಸಂತದಲ್ಲಿ. ನಮ್ಮವರಿಗೆ ರೆಸ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳಿಗೆ ಆಗ ಆರು ವರ್ಷ. ಮೈಸೂರಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಜೊತೆ ಜಗಳ ಆಡುತ್ತಿದ್ದ ನನಗೆ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ನನ್ನದು ಬರೀ ಹೆಂಡತಿ ವೀಸಾ. ಬಾಯಿ ಇದ್ದೂ ಮಾತಾಡಲು ಜನ ಇಲ್ಲ. ಕಿಟಕಿಯ ಹತ್ತಿರ ನಿಂತು ಅಳಿಲುಗಳನ್ನು ಬಯ್ಯುವುದೇ ಕೆಲಸವಾಗಿತ್ತು. ಮನೆ ಹಳೆಯದು, ಕೆಂಪು ಇಟ್ಟಿಗೆಯದು, ಎರಡನೆಯ ಮಹಾಯುದ್ಧಕ್ಕೂ ಸ್ವಲ್ಪ ಮೊದಲು ಕಟ್ಟಿದ್ದು. ನಡೆದರೆ ಮರದ ನೆಲ ಕಿರ್ರೆನ್ನುತ್ತಿತ್ತು. ಕೆಳಗೆ ಬೇಸ್‌ಮೆಂಟು, ಅದರ ಮೂಲೆಯಲ್ಲಿ ಒಂದು ಪುಟ್ಟ ಕೊಠಡಿ. ಅದಕ್ಕೆ ಆಳೆತ್ತರದಲ್ಲಿ ಒಂದೇ ಒಂದು ಕಿಟಕಿ.

ಪಕ್ಕದ ಮನೆಯಲ್ಲಿ ಒಬ್ಬ ಕಪ್ಪು ಮುದುಕಿ ಒಂಟಿಯಾಗಿ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗ ದೂರದ ಶಾರ್ಲಟ್‌ನಲ್ಲಿದ್ದ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಭಾನುವಾರ ಚರ್ಚಿಗೆ ಹೊರಟರೆ ಬಿಳಿ ಬ್ಲೌಸಿನ ಕಾಲರು ಕತ್ತಿಯ ಹಾಗೆ ನಿಂತಿರುತ್ತಿತ್ತು. ಗೃಹಪ್ರವೇಶಕ್ಕೆ ಅಕ್ಕಪಕ್ಕದವರನ್ನು ಕರೆಯದಿದ್ದರೆ ಹೇಗೆ ಎಂದು, ತಟ್ಟೆಯಲ್ಲಿ ಕುಂಕುಮ, ಬಾಳೆಹಣ್ಣು ಇಟ್ಟುಕೊಂಡು ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದರು. ನಾನು ದೊಡ್ಡ ನಗೆ ನಕ್ಕು, "ಆಂಟಿ, ಶನಿವಾರ ನಮ್ಮನೇಲಿ ಪೂಜೆ ಇದೆ, ನೀವು ಬರಲೇಬೇಕು" ಎಂದು ನನ್ನ ಮೈಸೂರು ಇಂಗ್ಲಿಷಿನಲ್ಲಿ ಹೇಳಿದೆ.

ಅವರ ಮುಖ ಮುಚ್ಚಿಕೊಂಡುಬಿಟ್ಟಿತು. "ನಾನು ನಿನ್ನ ಆಂಟಿ ಅಲ್ಲ" ಎಂದರು.

ನಮ್ಮಲ್ಲಿ ಹಿರಿಯರನ್ನೆಲ್ಲ ಹಾಗೇ ಕರೆಯೋದು, ಅದು ಮರ್ಯಾದೆ, ನಮ್ಮ ಪುರೋಹಿತರ ಹೆಂಡತಿಯೂ ಆಂಟಿ, ನಮ್ಮ ಡಾಕ್ಟರೂ ಆಂಟಿ ಎಂದು ಬಡಬಡಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ತಾಯಿ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದಾಗ, ಆ ಮನೆಗಳ ಎಳೆ ಮಕ್ಕಳು ಕೂಡ 'ಆಂಟಿ' ಎಂದೇ ಕರೆಯುತ್ತಿದ್ದರಂತೆ. ಶ್ರೀಮತಿ ಎಂದು ಗೌರವ ಕೊಡುವುದನ್ನು ತಪ್ಪಿಸಲು ಅದೊಂದು ದಾರಿ. "ನಿನಗೆ ಗೊತ್ತಿರಲಿಲ್ಲ, ನಿನ್ನ ತಪ್ಪಲ್ಲ. ಆದರೆ ಅದು ಬೇಡ" ಎಂದರು. ನಾಲಿಗೆ ಕಚ್ಚಿಕೊಂಡೆ. ಹಾಗಾದರೆ ಮೇಡಂ ಅನ್ನಲಾ ಎಂದು ಕೇಳಿದೆ, ನನಗೆ ಪಾಠ ಹೇಳಿದವರನ್ನೆಲ್ಲ ನಾನು ಹಾಗೇ ಕರೆದದ್ದು. ಅವರು ಆ ಪದವನ್ನು ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವರಂತೆ ಒಂದು ಸಲ ಹೇಳಿಕೊಂಡು, ಆಗಬಹುದು ಎಂದು ಬಾಳೆಹಣ್ಣು ತೆಗೆದುಕೊಂಡರು. ಅಂದಿನಿಂದ ಅವರು ಮೇಡಂ. ಮಗಳಿಗೆ ಮಾತ್ರ 'ಗ್ರ್ಯಾಂಡ್ಮಾ'.

ಶನಿವಾರ ಬಂದರು. ಹಾಲು ಉಕ್ಕಿಸಿದ್ದೂ, ಹೊಗೆಗೆ ಅಲಾರಂ ಕಿರುಚಿಕೊಂಡಿದ್ದೂ, ನಮ್ಮವರು ಪಂಚೆ ಎತ್ತಿಕಟ್ಟಿ ಸ್ಟೂಲು ಹತ್ತಿ ಅದನ್ನು ಕಿತ್ತದ್ದೂ ಎಲ್ಲ ನೋಡಿ ಚೆನ್ನಾಗಿ ನಕ್ಕರು. ದೇವರ ಮುಂದೆ ಒಂದು ದಪ್ಪ ಫೈಲು ಇಟ್ಟಿದ್ದೆವು, ಮನೆಯ ಕಾಗದಪತ್ರ. ಅದಕ್ಕೆ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ, ಮೇಲೆ ಒಂದು ಹೂವು. ನಾನೂ ನಮ್ಮವರೂ ಅದನ್ನು ಕಣ್ಣಿಗೆ ಒತ್ತಿಕೊಂಡೆವು. ಮೇಡಂ ಹತ್ತಿರ ಬಗ್ಗಿ ನೋಡಿ, "ಇದನ್ನು ಓದಿದ್ದೀಯಾ?" ಎಂದರು. ಅಷ್ಟು ಕಟ್ಟು ಯಾರು ಓದುತ್ತಾರೆ ಮೇಡಂ, ತೋರಿಸಿದ ಕಡೆಯೆಲ್ಲ ಸೈನ್ ಮಾಡಿ ಬಂದೆವು ಎಂದೆ. "ನಾನು ಓದಿದ್ದೇನೆ" ಎಂದರು. ಅವರು ಕೌಂಟಿಯ ಭೂದಾಖಲೆ ಕಚೇರಿಯಲ್ಲಿ ಬಹಳ ವರ್ಷ ಟೈಪಿಸ್ಟ್ ಆಗಿದ್ದವರು, ಅದಕ್ಕೇ ಹಾಗೆ ಹೇಳಿದರು ಎಂದುಕೊಂಡೆ. ಕೋಸಂಬರಿ ಬಡಿಸುವ ಗಡಿಬಿಡಿಯಲ್ಲಿ ಆ ಮಾತು ಅಲ್ಲಿಗೇ ಹೋಯಿತು.

ನಮ್ಮ ಸ್ನೇಹ ಬೆಳೆದದ್ದು ಗಂಜಿಯಿಂದ. ಬೇಸಿಗೆಯಲ್ಲಿ ಡೆಕ್‌ನ ಕಟಕಟೆಗೆ ಸೀರೆ ಹರವಿದ್ದೆ. ಬೇಲಿಯ ಆಚೆಯಿಂದ ಮೇಡಂ, "ಅದಕ್ಕೆ ಏನು ಸ್ಟಾರ್ಚ್ ಹಾಕಿದ್ದೀ?" ಎಂದು ಕೇಳಿದರು. ಅನ್ನದ ನೀರು ಎಂದೆ. ಬೇಲಿಯ ಬಾಗಿಲು ತೆಗೆದುಕೊಂಡು ಬಂದೇಬಿಟ್ಟರು! ಸೆರಗು ಮುಟ್ಟಿ ನೋಡಿದರು, ಮೂಸಿದರು. ಈಗಿನವರ ಡಬ್ಬಿ ಸ್ಪ್ರೇಗೆ ಒಂದಷ್ಟು ಬೈದರು. ನೀರು ಚಿಮುಕಿಸಿ ಸುರುಳಿ ಸುತ್ತಿಡಬೇಕು, ಒದ್ದೆ ಒಳಗೆಲ್ಲ ಸಮನಾಗಿ ಹರಡಬೇಕು, ಆಮೇಲೇ ಇಸ್ತ್ರಿ ಎಂದು ಅವರು ಹೇಳುವಾಗ ನನಗೆ ನಮ್ಮಜ್ಜಿ ಮಾತಾಡಿದ ಹಾಗೆ ಕೇಳಿಸಿತು. ಎಲ್ಲಿಯ ಮೈಸೂರು, ಎಲ್ಲಿಯ ವರ್ಜೀನಿಯಾ. ಅಂದಿನಿಂದ ಗುರುವಾರ ಗುರುವಾರ ನಮ್ಮ ಇಸ್ತ್ರಿ ಮೇಳ. ಅವರು ಬ್ಲೌಸು ತರುತ್ತಿದ್ದರು, ನಾನು ಸೀರೆ ತೆಗೆಯುತ್ತಿದ್ದೆ. ಕಾಫಿ, ಕೋಡುಬಳೆ, ಊರ ಮೇಲಿನ ಮಾತು. ನಮ್ಮವರ ಅಂಗಿ ನೋಡಿ, ಇವನು ಕಾಲರನ್ನು ಕಡಿಯುತ್ತಾನಾ ಎಂದು ಛೇಡಿಸುತ್ತಿದ್ದರು.

ಆ ಚಳಿಗಾಲದ ಒಂದು ಗುರುವಾರ ಇಸ್ತ್ರಿ ಮುಗಿಸಿ, "ಕೆಳಗಿನ ಕೊಠಡಿ ನೋಡಬಹುದಾ?" ಎಂದು ಕೇಳಿದರು. ಅಯ್ಯೋ, ಅಲ್ಲಿ ಏನಿದೆ ಮೇಡಂ, ಬರೀ ಅಕ್ಕಿ ಮೂಟೆ, ಸೂಟ್‌ಕೇಸು ಎಂದೆ. ಆದರೂ ಕರೆದುಕೊಂಡು ಹೋದೆ. ಮೆಟ್ಟಿಲು ಇಳಿಯುವಾಗ ಅವರಿಗೆ ದೀಪದ ಸ್ವಿಚ್ ಎಲ್ಲಿದೆ ಎಂದು ನಾನು ಹೇಳಬೇಕಾಗಲಿಲ್ಲ. ಕತ್ತಲಲ್ಲಿ ಕೈ ಚಾಚಿ ತಾವೇ ಹಾಕಿದರು.

"ಇಲ್ಲಿ ನಮ್ಮ ಮಂಚ" ಎಂದರು. "ಇಲ್ಲಿ ಅಮ್ಮನ ಇಸ್ತ್ರಿ ಮಣೆ."

ಅವರ ತಾಯಿ ಈ ಮನೆಯಲ್ಲೇ ಅಡುಗೆಗೂ ಬಟ್ಟೆಗೂ ಇದ್ದವರು. ಮೇಲೆ ಒಬ್ಬ ಮಿಲಿಟರಿ ಅಧಿಕಾರಿಯ ಸಂಸಾರ. ಕೆಳಗೆ, ಈಗ ನನ್ನ ಅಕ್ಕಿ ಮೂಟೆ ಇರುವ ಜಾಗದಲ್ಲಿ, ತಾಯಿ ಮಗಳು. ಮೇಡಂ ಹತ್ತು ವರ್ಷದಿಂದ ಹದಿನಾರು ವರ್ಷದವರೆಗೆ ಇಲ್ಲೇ ಮಲಗಿದ್ದರು. ಆಮೇಲೆ ಮದುವೆಯಾಗಿ, ಟೈಪಿಂಗ್ ಕಲಿತು, ಕಚೇರಿ ಸೇರಿ, ಕಾನೂನು ಬದಲಾದ ಮೇಲೆ ಗಂಡ ಹೆಂಡತಿ ಹಟ ಹಿಡಿದು ಪಕ್ಕದ ಮನೆಯನ್ನೇ ಕೊಂಡರು. ಬೇರೆಲ್ಲೂ ಮನೆ ಸಿಗಲಿಲ್ಲವಾ ಎಂದು ಕೇಳಿದೆ. "ಸಿಗುತ್ತಿತ್ತು. ಆದರೆ ಅಮ್ಮ ಬದುಕಿದ್ದಳು. ಈ ಬೀದಿಯ ಮುಂಬಾಗಿಲಿನಲ್ಲಿ ಅವಳನ್ನು ಒಂದು ದಿನ ಕೂರಿಸಬೇಕಿತ್ತು" ಎಂದರು. ಕೂರಿಸಿದರಂತೆ, ನಾಲ್ಕು ವರ್ಷ. ಅವರು ಮೇಲೆ ಹತ್ತಿ ಹೋದ ಮೇಲೆ ನಾನು ಆ ಸೂಟ್‌ಕೇಸುಗಳನ್ನೆಲ್ಲ ಎಳೆದು ಹೊರಗೆ ಹಾಕಿದೆ. ಯಾಕೆಂದು ನನಗೇ ಗೊತ್ತಾಗಲಿಲ್ಲ, ಮೈಗೆ ಕೋಪ ಹತ್ತಿತ್ತು ಅಷ್ಟೆ.

೨೦೦೬ರ ಜೂನ್ ಕೊನೆ. ಗುರುವಾರವಲ್ಲದ ಒಂದು ದಿನ ಮೇಡಂ ಬಂದರು, ಕಂಕುಳಲ್ಲಿ ಒಂದು ಫೈಲು. ಇಸ್ತ್ರಿ ಬಟ್ಟೆ ಇಲ್ಲ, ಕೋಡುಬಳೆಯನ್ನೂ ಮುಟ್ಟಲಿಲ್ಲ. "ನಿನ್ನ ಪೂಜೆಯ ಕಟ್ಟು ತೆಗೆದುಕೊಂಡು ಬಾ" ಎಂದರು. ತಂದೆ. ಅರಿಶಿನ ಇನ್ನೂ ಮೂಲೆಯಲ್ಲಿ ಅಂಟಿಕೊಂಡಿತ್ತು. ಅವರು ಹಾಳೆ ತಿರುವಿ, ಮಾಸಲು ಟೈಪಿನ ಒಂದು ಪುಟದ ಮೇಲೆ ಬೆರಳಿಟ್ಟರು. ಓದಿದೆ. ಹುಲ್ಲುಹಾಸು, ಬೇಲಿಯ ಎತ್ತರ, ಕೋಳಿ ಸಾಕಬಾರದು... ಅದರ ಕೆಳಗೆ, ಅದೇ ಅಕ್ಷರದಲ್ಲಿ, ಅದೇ ತಣ್ಣಗಿನ ಭಾಷೆಯಲ್ಲಿ: ಬಿಳಿಯ ಜನಾಂಗದವರಲ್ಲದ ಯಾರೂ ಈ ನಿವೇಶನವನ್ನು ಕೊಳ್ಳಕೂಡದು, ಬಾಡಿಗೆಗೆ ಪಡೆಯಕೂಡದು, ಇಲ್ಲಿ ವಾಸಿಸಕೂಡದು. ಮಾಲೀಕರ ಮನೆಯಲ್ಲಿರುವ ಕೆಲಸದವರು ಮಾತ್ರ ಇದಕ್ಕೆ ಹೊರತು.

ಎರಡು ಸಲ ಓದಿದೆ. ಮೈಯೆಲ್ಲ ಉರಿಯಿತು. ಅಲ್ಲ, ಇದಕ್ಕಾ ನಾನು ಹೂವಿಟ್ಟು ಕೈಮುಗಿದದ್ದು! ನನ್ನನ್ನೇ ಮನೆಯಿಂದ ಆಚೆಗೆ ಹಾಕುವ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆನಲ್ಲ, ಇಂಥ ದಡ್ಡಿ ಇನ್ನೊಬ್ಬಳಿದ್ದಾಳಾ? ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲೇ ಅಂದೆ. ಮೇಡಂಗೆ ಅರ್ಥವಾಗದಿದ್ದರೂ ಅರ್ಥವಾಯಿತು.

ಅವರು ಸಮಾಧಾನದಿಂದ ವಿವರಿಸಿದರು. ಈ ಸಾಲಿಗೆ ಈಗ ಬೆಲೆಯಿಲ್ಲ, ಕಾನೂನು ಅದನ್ನು ಯಾವತ್ತೋ ಕೊಂದಿದೆ, ನಿನ್ನನ್ನು ಯಾರೂ ಏಳಿಸಲಾರರು. ಆದರೆ ಪ್ರತಿ ಸಲ ಮನೆ ಕೈ ಬದಲಾದಾಗಲೂ ಇದೇ ಕಾಗದ ಜೊತೆಗೆ ಹೋಗುತ್ತದೆ. "ಸತ್ತ ಹಾವು ಅಂತ ಅಂಗಳದಲ್ಲೇ ಬಿಟ್ಟುಕೊಂಡಿರೋಕಾಗುತ್ತಾ?" ಎಂದರು. ಕಚೇರಿಯಲ್ಲಿ ಕೂತು ಈ ಸಾಲನ್ನು ಬೇರೆ ಬೇರೆ ಮನೆಗಳಿಗಾಗಿ ಎಷ್ಟು ಸಲ ನಕಲು ಟೈಪು ಮಾಡಿದ್ದರೋ, ಅವರಿಗೇ ಲೆಕ್ಕವಿರಲಿಲ್ಲ. ಈಗ ಅವರ ಚರ್ಚಿನ ಒಬ್ಬ ವಕೀಲರು ಪುಕ್ಕಟೆಯಾಗಿ ಒಂದು ಘೋಷಣೆ ಬರೆದುಕೊಟ್ಟಿದ್ದರು. ನಮ್ಮ ಮನೆಯ ಮಟ್ಟಿಗೆ ಈ ಸಾಲನ್ನು ನಾವು ತಿರಸ್ಕರಿಸಿದ್ದೇವೆ ಎಂದು ಆಯಾ ಮನೆಯವರು ಸಹಿ ಹಾಕಬೇಕು, ಅದು ಕೋರ್ಟ್‌ಹೌಸಿನ ದಾಖಲೆ ಸೇರುತ್ತದೆ. ನಮ್ಮ ಬೀದಿಯ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದರು. ಎದುರು ಮನೆಯ ಬಿಳಿ ಮುದುಕನಂತೂ ಕಣ್ಣೊರೆಸಿಕೊಂಡು ಸಹಿ ಹಾಕಿದನಂತೆ.

ಮೇಡಂ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸಹಿಗಳೆಲ್ಲ ಎರಡನೆಯ ಸಾಲಿನಿಂದ ಶುರುವಾಗಿದ್ದವು. ಮೊದಲ ಸಾಲು ಖಾಲಿ, ಅದರ ಪಕ್ಕದಲ್ಲಿ ನಮ್ಮ ಮನೆಯ ನಂಬರು. "ಇದು ಅಮ್ಮ ಇದ್ದ ಮನೆ. ಮೊದಲ ಸಹಿ ಈ ಮನೆಯದಾಗಲಿ. ನನ್ನ ಹೃದಯ ಸರಿಯಿಲ್ಲ ಅಂತ ಡಾಕ್ಟರು ಹೇಳುತ್ತಿದ್ದಾರೆ, ಮಗ ಶಾರ್ಲಟ್‌ಗೆ ಬಾ ಅಂತಿದ್ದಾನೆ. ಇದೊಂದನ್ನು ನನ್ನ ಕಣ್ಣಿಂದ ನೋಡಿ ಹೋಗುತ್ತೇನೆ" ಎಂದರು.

ಅಷ್ಟು ಕೂಗಾಡಿದ ನಾನು ಆ ಕ್ಷಣಕ್ಕೇ ಪೆನ್ನು ಹಿಡಿಯಬೇಕಿತ್ತು, ಅಲ್ಲವಾ? ನಮ್ಮವರನ್ನು ಒಂದು ಮಾತು ಕೇಳಿ ನಾಳೆ ಹೇಳುತ್ತೇನೆ ಎಂದೆ. ಮನೆ ಇಬ್ಬರ ಹೆಸರಿನಲ್ಲಿತ್ತು, ಆ ಮಾತು ಸುಳ್ಳೇನಲ್ಲ.

ನಮ್ಮವರು ಶೂ ಕೂಡ ಬಿಚ್ಚದೆ ಹಾಳೆ ಓದಿದರು. "ಕರೆಕ್ಟಾಗೇ ಇದೆ. ಆದ್ರೆ ಈಗ ಬೇಡ ಕಣೇ" ಎಂದರು.

"ಯಾಕ್ರೀ ಬೇಡ?"

"ಗ್ರೀನ್ ಕಾರ್ಡ್ ಅಪ್ಲಿಕೇಶನ್ ಯಾವ ಸ್ಟೇಜಲ್ಲಿದೆ ಗೊತ್ತಲ್ವಾ ನಿಂಗೆ? ಕೋರ್ಟು ಗೀರ್ಟು ಅಂತ ನಮ್ಮ ಹೆಸರು ಎಲ್ಲೂ ಹೋಗೋದ್ ಬೇಡ. ನಾಳೆ ಯಾರೋ ಏನೋ ಕೇಳಿದ್ರೆ?"

"ಅವರ ಹತ್ರ ಏನಂತ ಹೇಳ್ಲಿ?"

"ಏನಾದ್ರೂ ಹೇಳು. ಸ್ವಲ್ಪ ಪೋಸ್ಟ್‌ಪೋನ್ ಮಾಡು ಅಷ್ಟೆ. ಆಮೇಲ್ ನೋಡೋಣ."

ಅವರನ್ನು ಮಾತ್ರ ಬೈದು ನಾನು ಒಳ್ಳೆಯವಳಾಗುವುದಿಲ್ಲ. ಆ ವರ್ಷಗಳಲ್ಲಿ ನಾವೆಲ್ಲ ಹಾಗೇ ಇದ್ದೆವು. ೨೦೦೧ರ ಅವಳಿ ಕಟ್ಟಡಗಳ ದಾಳಿಯ ನಂತರ ಏರ್‌ಪೋರ್ಟಿನಲ್ಲಿ ನಮ್ಮವರನ್ನು ಪ್ರತಿ ಸಲ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಗೊತ್ತಿದ್ದವರೊಬ್ಬರು ಕೆಲಸದ ಜೊತೆ ವೀಸಾವೂ ಹೋಗಿ, ಅರ್ಧ ಬೇಯಿಸಿದ ಸಾರು ಒಲೆ ಮೇಲೆ ಬಿಟ್ಟ ಹಾಗೆ ಇದ್ದ ಮನೆ ಬಿಟ್ಟು ಊರಿಗೆ ಹೊರಟುಹೋಗಿದ್ದರು. ಕೈಗೆ ಕಾರ್ಡು ಬರುವವರೆಗೆ ಉಸಿರು ಬಿಗಿಹಿಡಿದು ಬದುಕುವುದು, ಯಾರ ಕಣ್ಣಿಗೂ ಬೀಳದಿರುವುದು, ಇದೇ ನಮ್ಮ ಸಂಸಾರದ ಶಾಸ್ತ್ರವಾಗಿತ್ತು. ನನಗೂ ಹೆದರಿಕೆಯೇ. ಬಾಯಿ ಜೋರು, ಒಳಗೆ ಪುಕ್ಕಲು.

ಮಾರನೆಯ ದಿನ ಮೇಡಂ ಬಂದಾಗ ಫ್ರಿಜ್ ಮೇಲಿದ್ದ ದೇವಸ್ಥಾನದ ಕ್ಯಾಲೆಂಡರ್ ತೋರಿಸಿದೆ. ಇದು ಆಷಾಢ ಮಾಸ ಮೇಡಂ, ನಮ್ಮಲ್ಲಿ ಈ ತಿಂಗಳು ಮನೆಗೆ ಸಂಬಂಧಪಟ್ಟ ಯಾವ ಶುಭ ಕೆಲಸವನ್ನೂ ಮಾಡುವುದಿಲ್ಲ, ಸಹಿ ಹಾಕುವುದಿಲ್ಲ, ಒಳ್ಳೆಯದಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಮಾತು! ಆಷಾಢದ ಶುಕ್ರವಾರ ಇಡೀ ಊರೇ ಚಾಮುಂಡಿ ಬೆಟ್ಟ ಹತ್ತುವ ಮೈಸೂರಿನವಳು ನಾನು. ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಮೆಟ್ಟಿಲಿಗೆಲ್ಲ ಕುಂಕುಮ ಹಚ್ಚಿದವಳು. ಆಷಾಢ ಕೆಟ್ಟ ತಿಂಗಳೆಂದು ನನ್ನ ಮಟ್ಟಿಗೆ ಯಾವತ್ತೂ ನಂಬಿರಲಿಲ್ಲ.

ಮೇಡಂ ಕ್ಯಾಲೆಂಡರನ್ನು ನೋಡಿದರು, ನನ್ನನ್ನು ನೋಡಿದರು. "ಯಾವಾಗ ಮುಗಿಯುತ್ತೆ ಆ ತಿಂಗಳು?" ಎಂದು ಕೇಳಿದರು. ಜುಲೈ ಕೊನೆಗೆ ಎಂದೆ. "ಆಯಿತಮ್ಮ, ಅದಕ್ಕೇನಂತೆ" ಎಂದು ಫೈಲು ಮುಚ್ಚಿಕೊಂಡು, ಕಟಕಟೆ ಹಿಡಿದು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದರು.

'ಆಯಿತಮ್ಮ' ಎಂದ ಆ ದನಿ. ಅದೇ ದನಿಯನ್ನು ನಾನು ಮೊದಲೂ ಒಮ್ಮೆ ಕೇಳಿದ್ದೆ. ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯ ಪೋರ್ಷನ್ನು ಬಾಡಿಗೆಗೆ ಕೊಡುತ್ತಿದ್ದೆವು. ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ವರ್ಗವಾಗಿ ಬಂದ ಒಬ್ಬ ಸ್ಕೂಲ್ ಮೇಷ್ಟ್ರಮ್ಮ ಮನೆ ನೋಡಿ ಮೆಚ್ಚಿಕೊಂಡು ಹೋಗಿದ್ದರು. ಊರು, ಹೆಸರು, ಯಾವ ಪೈಕಿ ಎಂದೆಲ್ಲ ಅಪ್ಪ ನಗುನಗುತ್ತಲೇ ವಿಚಾರಿಸಿದ್ದರು. ಮಾರನೆಯ ದಿನ ಆಕೆ ಮತ್ತೆ ಬಂದಾಗ ಅಪ್ಪ ಒಳಗಿನಿಂದಲೇ, "ಮನೆ ಆಗ್ಹೋಯ್ತು ಅಂತ ಹೇಳಿ ಕಳ್ಸೇ" ಎಂದರು. ನಾನೇ ಹೋಗಿ ಗೇಟಿನಲ್ಲಿ ಹೇಳಿದೆ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಆಕೆ ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಆಯ್ತಮ್ಮ, ಬರ್ತೀನಿ" ಎಂದು ಛತ್ರಿ ಬಿಚ್ಚಿಕೊಂಡು ಹೋದರು. ಸುಳ್ಳೆಂದು ಗೊತ್ತಾಗಿಯೂ, ಹೇಳಿದವಳ ಮರ್ಯಾದೆ ಉಳಿಸಿ ಹೋಗುವ ದನಿ ಅದು. ನಾವು ಯಾವ ಕಾಗದದಲ್ಲೂ ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ಮೇಡಂಗೆ ಹೇಳಿಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ... ಹೇಳಲಿಲ್ಲ.

ಆಮೇಲಿನ ಎರಡು ಗುರುವಾರ ಅವರು ಇಸ್ತ್ರಿಗೆ ಬಂದರು. ಸಹಿಯ ಮಾತು ಎತ್ತಲಿಲ್ಲ. ಮಗಳ ಕರ್ಚೀಫುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದು ಹೇಗೆಂದು ಅವಳಿಗೆ ಹೇಳಿಕೊಟ್ಟರು. ನಾನು ಮಾತು ಹೆಚ್ಚು ಆಡಿದೆ, ಸುಳ್ಳಾಡಿದವರು ಆಡುವ ಹಾಗೆ. ಮೂರನೆಯ ಗುರುವಾರ ಅವರು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಹತ್ತಿರ ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ನೋಡಿದರೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು, ಬಾಯಿ ಒಂದು ಕಡೆ ವಾಲಿತ್ತು. ಆಂಬ್ಯುಲೆನ್ಸಿನವರು ಬರುವವರೆಗೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆಷಾಢ ಮುಗಿಯಲು ಇನ್ನೂ ಕೆಲವು ದಿನವಿತ್ತು.

ಶಾರ್ಲಟ್‌ನಿಂದ ಮಗ ಬಂದ. ಆಸ್ಪತ್ರೆಯಿಂದ ನೇರ ಅಲ್ಲಿಗೇ ಕರೆದುಕೊಂಡು ಹೋಗುವುದೆಂದಾಯಿತು. ತಾಯಿಯ ಬಟ್ಟೆಬರೆ ಕಟ್ಟಲು ಅವನು ಮನೆಗೆ ಬಂದಾಗ ನಾನು ನಾಚಿಕೆ ಬಿಟ್ಟು ಆ ಫೈಲು ಕೇಳಿದೆ. ಅಡುಗೆಮನೆಯ ಡ್ರಾಯರಿನಲ್ಲಿ ಸಿಕ್ಕಿತು. ಮೊದಲ ಸಾಲು ಹಾಗೇ ಖಾಲಿ. ಅಂಚಿನಲ್ಲಿ ಪೆನ್ಸಿಲಿನಿಂದ, ಟೈಪಿಸ್ಟ್ ಹೆಂಗಸಿನ ನೀಟಾದ ಅಕ್ಷರದಲ್ಲಿ ಬರೆದಿದ್ದರು: 'ಜುಲೈ ಆದ ಮೇಲೆ. ಅವಳಿಗೆ ಇದು ಒಳ್ಳೆಯ ತಿಂಗಳಲ್ಲ. ಮತ್ತೆ ಕೇಳಬೇಕು.'

ಹಾಗಾದರೆ ನಂಬಿದ್ದರಾ? ಅಥವಾ ನನ್ನ ಸುಳ್ಳನ್ನೂ ಗೌರವದಿಂದ ಬರೆದಿಟ್ಟುಕೊಂಡಿದ್ದರಾ? ಇವತ್ತಿಗೂ ಗೊತ್ತಿಲ್ಲ. ಆ ಪೆನ್ಸಿಲಿನ ಸಾಲು ಓದುವಾಗ ಅವರ ಮಗ ನನ್ನನ್ನೇ ನೋಡುತ್ತಿದ್ದ. ಭೂಮಿ ಬಾಯಿ ಬಿಡಬಾರದಾ ಅನಿಸಿತು.

ಫೈಲು ಇಸಿದುಕೊಂಡು ಬಂದು ಊಟದ ಮೇಜಿನ ಮೇಲೆ ಇಟ್ಟೆ. ನಮ್ಮವರು ಆಫೀಸಿನಿಂದ ಬಂದವರು ಅದನ್ನು ನೋಡಿದರು. ಪೆನ್ಸಿಲಿನ ಅಕ್ಷರವನ್ನೂ ನೋಡಿದರು. ಶೂ ಬಿಚ್ಚುತ್ತ, "ನಾಳೆ ಲೇಟಾಗಿ ಹೋಗ್ತೀನಿ ಆಫೀಸ್‌ಗೆ. ಬೆಳಿಗ್ಗೆ ಹೋಗಿ ಸೈನ್ ಮಾಡಿ ಕೊಟ್ಬಿಡೋಣ" ಎಂದರು. ಹೋದೆವು. ನೋಟರಿಯ ಮುಂದೆ ಸಹಿ ಹಾಕಿದೆವು, ಕೋರ್ಟ್‌ಹೌಸಿನಲ್ಲಿ ಕೊಟ್ಟೆವು. ಕಿಟಕಿಯ ಆಚೆ ಕೂತಿದ್ದ ಹುಡುಗಿ ಚೂಯಿಂಗ್ ಗಮ್ ಅಗಿಯುತ್ತ ಠಸ್ಸೆ ಒತ್ತಿದಳು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಮುಂದೆ ಗ್ರೀನ್ ಕಾರ್ಡು ಬಂದಾಗಲೂ ಯಾರೂ ಏನೂ ಕೇಳಲಿಲ್ಲ.

ದಾಖಲಾದ ಪ್ರತಿ ಕೈಗೆ ಬಂದದ್ದು ಅಕ್ಟೋಬರಿನಲ್ಲಿ. ಪೋಸ್ಟಿನಲ್ಲಿ ಕಳಿಸುವ ಕಾಗದ ಅದಲ್ಲ. ಒಂದು ಶನಿವಾರ ಬೆಳಿಗ್ಗೆಯೇ ಮಗಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು, ಚಿತ್ರಾನ್ನ ಕಟ್ಟಿಕೊಂಡು ಶಾರ್ಲಟ್‌ಗೆ ಹೊರಟೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಕೂಡಿಸುತ್ತಿದ್ದೆ. ಆಷಾಢದ ಸುಳ್ಳನ್ನೂ, ಮೈಸೂರಿನ ಗೇಟನ್ನೂ, ಎಲ್ಲವನ್ನೂ ಹೇಳಿಬಿಡುತ್ತೇನೆ. ಬೈದರೆ ಬೈಯಲಿ.

ಬಾಗಿಲಲ್ಲೇ ಅವರ ಮಗ ಹೇಳಿದ. ಮಾತು ಸ್ವಲ್ಪ ಬಂದಿದೆ, ಆದರೆ ಈಗಿನದು ಯಾವುದೂ ನೆನಪಿಲ್ಲ, ಬಹಳ ಹಿಂದಕ್ಕೆ ಹೋಗಿಬಿಡುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ಮೇಡಂ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅಷ್ಟು ನೆಟ್ಟಗಿದ್ದ ಬೆನ್ನು ದಿಂಬಿಗೆ ಒರಗಿತ್ತು. ಮಂಡಿಯೂರಿ ಕೂತು ಅವರ ಕೈಯಲ್ಲಿ ಕಾಗದ ಇಟ್ಟೆ.

"ಮೇಡಂ, ಸಹಿ ಹಾಕಿದೆವು. ಮೊದಲನೇ ಸಾಲಿನಲ್ಲೇ. ನೋಡಿ, ಸೀಲು ಬಿದ್ದಿದೆ."

ಅವರು ಕಾಗದವನ್ನು ನೋಡಿದರು. ಹಿಂದೆ ಮುಂದೆ ತಿರುಗಿಸಿ, ಯಾರದೋ ವಸ್ತುವನ್ನು ಹಿಂತಿರುಗಿಸುವ ಹಾಗೆ ಮೆಲ್ಲಗೆ ನನ್ನ ಕೈಗೇ ಕೊಟ್ಟರು. ಆಮೇಲೆ ಅವರ ಕಣ್ಣು ನನ್ನ ಬೆನ್ನ ಹಿಂದೆ ನಿಂತಿದ್ದ ಮಗಳ ಮೇಲೆ ಬಿತ್ತು. ಗಾಬರಿಯಾದರು. ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು.

"ಮಗುವನ್ನು ಯಾಕೆ ಇಲ್ಲಿ ಇಟ್ಟುಕೊಂಡಿದ್ದೀ? ಕೆಲಸದವರಿಗೆ ಮಾತ್ರ ಇರೋಕೆ ಬಿಡೋದು, ಮಕ್ಕಳಿಗಿಲ್ಲ. ನಿನಗೆ ಯಾರೂ ಹೇಳಲಿಲ್ಲವಾ?"

ಹಿಡಿದ ಮೊಣಕೈ ಬಿಡದೆ ಅವರೇ ಮುಂದುವರಿಸಿದರು.

"ಯಾರಾದರೂ ಕೇಳಿದರೆ, ಇವಳು ಕರ್ಚೀಫು ಇಸ್ತ್ರಿ ಮಾಡುತ್ತಾಳೆ ಅಂತ ಹೇಳು. ನಮ್ಮಮ್ಮ ಹಾಗೇ ಹೇಳೋದು. ಇವಳಿಗೂ ಇಸ್ತ್ರಿ ಕಲಿಸಿಡು. ಆಗ ಇವಳೂ ಕೆಲಸದವಳೇ ಆದಳಲ್ಲ, ಯಾರೂ ಕಳಿಸೋ ಹಾಗಿಲ್ಲ."

ಮಗಳು ಮುಂದೆ ಬಂದಳು. "ಬಟ್ ಗ್ರ್ಯಾಂಡ್ಮಾ, ಐ ಲಿವ್ ದೇರ್. ಅದು ನಮ್ ಮನೆ" ಎಂದಳು ಗಟ್ಟಿಯಾಗಿ.

ಮೇಡಂ ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು. ಕಣ್ಣು ಮೇಲಕ್ಕೆ, ಸೂರಿನ ಕಡೆಗೆ ಹೋಯಿತು. ಮೇಲೆ ಯಾರೋ ಓಡಾಡುತ್ತಿರುವವರ ಹಾಗೆ ಕಿವಿಗೊಟ್ಟು ಕೇಳಿದರು. ಆ ಮನೆಗೆ ಮಹಡಿಯೇ ಇರಲಿಲ್ಲ.

ಆರು ವರ್ಷ ನನ್ನ ಮನೆಯ ಕೆಳಗೆ ಉಸಿರು ಬಿಗಿಹಿಡಿದು ಬದುಕಿದ ಒಂದು ಹುಡುಗಿಯ ಸಂಗತಿ ನನಗೆ ತಿಳಿದದ್ದು ಹಾಗೆ. ಅಲ್ಲಿ ಮಲಗುತ್ತಿದ್ದೆ ಎಂದಿದ್ದರೇ ಹೊರತು, ಅಷ್ಟು ಗುರುವಾರಗಳಲ್ಲಿ ಈ ಹೆದರಿಕೆಯೊಂದನ್ನು ಅವರು ಬಾಯಿಬಿಟ್ಟಿರಲಿಲ್ಲ. ನಾನು ಹೇಳಬೇಕೆಂದುಕೊಂಡು ಹೋದ ಮಾತುಗಳಿಗೆ ಕೇಳುವವರಿರಲಿಲ್ಲ. ಅವರ ಕೈ ಹಿಡಿದುಕೊಂಡು, "ಆಯ್ತು ಮೇಡಂ, ಹಾಗೇ ಹೇಳ್ತೀನಿ" ಎಂದೆ. ಆಗ ಸಮಾಧಾನವಾದರು. ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯವರೆಗೂ ಮನಸ್ಸಿನಲ್ಲಿ ಅವರು ಆ ಕೆಳಗಿನ ಕೊಠಡಿಯಲ್ಲೇ ಇದ್ದರು ಎಂದು ಮಗ ಫೋನಿನಲ್ಲಿ ಹೇಳಿದ.

ಈಗ ಪಕ್ಕದ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಒಳ್ಳೆಯ ಜನ, ಕೈಬೀಸುತ್ತಾರೆ. ನಮ್ಮ ಬೀದಿಯ ಕಾಗದಗಳೆಲ್ಲ ಕೋರ್ಟ್‌ಹೌಸಿನಲ್ಲಿ ಸರಿಯಾಗಿವೆ. ಮಗಳು ದೂರದ ಊರಿನಲ್ಲಿ ಕೆಲಸದಲ್ಲಿದ್ದಾಳೆ, ಮೊನ್ನೆ ಫೋನಿನಲ್ಲಿ ನನ್ನ ದನಿ ಕೇಳಿ, "ವಾಟ್ ಹ್ಯಾಪನ್ಡ್ ಅಮ್ಮ, ಅತ್ಯಾ?" ಎಂದಳು. ಏನಿಲ್ಲ, ಮೇಡಂ ನೆನಪಾದರು ಎಂದೆ.

ಜೂನ್ ತಿಂಗಳ ಆ ಮಧ್ಯಾಹ್ನ ಅವರಿಗೆ ಎಲ್ಲ ನೆನಪಿತ್ತು. ತಾಯಿಯ ಹೆಸರು, ಮನೆಯ ನಂಬರು, ಆ ಹಾಳೆಯ ಒಂದೊಂದು ಪದ. ಒಂದು ನಿಮಿಷದ ಕೆಲಸ. ಪೆನ್ನನ್ನೂ ಅವರೇ ತಂದಿದ್ದರು.